ಗಣಿತಜ್ಞನ ಊರು, ಗಣಿತದ ನುಡಿ

ಕನ್ನಡದಲ್ಲಿ ಪ್ರಚಲಿತವಿರುವ ಗಣಿತಜ್ಞರ ಹಾಗೂ ಎಂಜಿನಿಯರರ ಜೀವನಚಿತ್ರಗಳನ್ನು ಒಟ್ಟಿಗೆ ಇಟ್ಟು ಓದಿದರೆ, ಹುಟ್ಟೂರಿನ ನಿರ್ಣಯಕ್ಕೆ ಸಲ್ಲುವಷ್ಟು ಶ್ರದ್ಧೆ ಅವರು ಮಾಡಿದ ಕೆಲಸದ ವಿವರಣೆಗೆ ಸಲ್ಲುವುದಿಲ್ಲವೆಂಬುದು ಬೇಗನೆ ಗೋಚರಿಸುತ್ತದೆ. ಒಬ್ಬ ಗಣಿತಜ್ಞ ‘ನಮ್ಮವನು’ ಎಂದು ಸಾಧಿಸಿದ ಕೂಡಲೇ ಬರಹದ ಉದ್ದೇಶ ಈಡೇರಿದಂತಾಗುತ್ತದೆ. ಅವನು ಏನನ್ನು ಕಂಡುಕೊಂಡನು, ಯಾರಿಗಾಗಿ ಬರೆದನು ಎಂಬ ಪ್ರಶ್ನೆಗಳು ಅಡಿಟಿಪ್ಪಣಿಗೆ ಇಳಿಯುತ್ತವೆ. ಗಡಿಯಾಚೆ ಬದುಕುವ ಕನ್ನಡಿಗರಿಗೆ ಇದು ಬರಿಯ ಶೈಲಿಯ ದೋಷವಲ್ಲ. ‘ಯಾರದು’ ಎಂಬ ಪ್ರಶ್ನೆಯ ಭಾರವನ್ನು ದಿನನಿತ್ಯ ಹೊರುವವರು ಅವರೇ ಆದುದರಿಂದ, ಈ ಪ್ರಕಾರದ ತರ್ಕವನ್ನು ಪರಿಶೀಲಿಸುವ ಅಗತ್ಯವೂ ಅವರಿಗೇ ಹೆಚ್ಚು.

ಎರಡನೆಯ ಭಾಸ್ಕರಾಚಾರ್ಯರ ಜೀವನಕಥನ ಇದಕ್ಕೆ ಸ್ಪಷ್ಟ ನಿದರ್ಶನ. ತಾನು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ, ಹುಟ್ಟಿದುದಾಗಿಯೂ ಮೂವತ್ತಾರನೆಯ ವಯಸ್ಸಿನಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದುದಾಗಿಯೂ ಅವರೇ ಹೇಳಿಕೊಂಡಿದ್ದಾರೆ. ತಂದೆ ಮಹೇಶ್ವರ, ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ. ಈ ಹೆಸರಿನ ಉತ್ತರಾರ್ಧದಲ್ಲಿ ಕನ್ನಡದ ವಿದ್ವಾಂಸರು ‘ಬೀಡು’ ಎಂಬ ಪದವನ್ನು ಕೇಳಿಸಿಕೊಂಡು ಅದನ್ನು ವಿಜಯಪುರದೊಡನೆ ಜೋಡಿಸಿದರು. ಮರಾಠಿಯ ವಿದ್ವಾಂಸರು ಚಾಳೀಸಗಾಂವ್ ಸಮೀಪದ ಪಾಟಣದತ್ತ ಬೆರಳು ತೋರಿಸಿದರು. ವಿಜಯಪುರದಿಂದ ಸಹ್ಯಾದ್ರಿ ದೂರವೆಂಬ ಆಕ್ಷೇಪಕ್ಕೆ ತೂಕವಿದೆ. ಪಾಟಣದ ಪಕ್ಷಕ್ಕೆ ಅಲ್ಲಿಯ ಶಾಸನದ ಬಲವಿದೆ. ಭಾಸ್ಕರರ ಮಗ ಲಕ್ಷ್ಮೀಧರನನ್ನು ಯಾದವ ಅರಸ ಜೈತ್ರಪಾಲನು ‘ಈ ಊರಿನಿಂದ’ ಕರೆದೊಯ್ದನೆಂದು ಆ ಶಾಸನ ತಿಳಿಸುತ್ತದೆ.

ಆದರೆ ಇದೇ ಶಾಸನವನ್ನು ಹುಟ್ಟೂರಿನ ಸಾಕ್ಷಿಯನ್ನಾಗಿ ಮಾತ್ರ ಬಳಸಿಕೊಂಡದ್ದರಿಂದ ಅದರ ಮುಖ್ಯ ಸುದ್ದಿಯೇ ಮರೆಯಾಯಿತು. 1207ರ ಈ ಬರಹ ದಾಖಲಿಸುವುದು ಒಂದು ಮಠದ ಸ್ಥಾಪನೆಯನ್ನು. ಸಿಂಘಣನ ಆಸ್ಥಾನದ ಜ್ಯೋತಿಷಿಯೂ ಭಾಸ್ಕರರ ಮೊಮ್ಮಗನೂ ಆದ ಚಾಂಗದೇವನು ಅಜ್ಜನ ಕೃತಿಗಳನ್ನು ಪಾಠ ಹೇಳುವುದಕ್ಕೆಂದು ಅದನ್ನು ಕಟ್ಟಿಸಿದನು. ನಿಕುಂಭ ವಂಶದ ಸ್ಥಳೀಯ ಪ್ರಭುಗಳು ಅದಕ್ಕೆ ದತ್ತಿ ಬಿಟ್ಟರು. ವಂಶಾವಳಿಯ ಭಾಗ ಸಂಸ್ಕೃತದಲ್ಲಿದೆ, ಕೊನೆಯ ಸಾಲುಗಳು ಹಳೆಯ ಮರಾಠಿಯಲ್ಲಿವೆ. ಶಾಸ್ತ್ರಕ್ಕೆ ಒಂದು ಭಾಷೆ, ಅದನ್ನು ಪೋಷಿಸುವವರ ವ್ಯವಹಾರಕ್ಕೆ ಇನ್ನೊಂದು. ಕನ್ನಡದಲ್ಲಿಯೂ ಹೇರಳವಾಗಿ ಶಾಸನಗಳನ್ನು ಬರೆಸಿದ ಅರಸುಮನೆತನದ ಆಳ್ವಿಕೆಯಲ್ಲಿ ಇದು ನಡೆಯಿತು. ಹುಟ್ಟೂರಿನ ವಾದಿಗಳು ಇಂದಿನ ರಾಜ್ಯಗಳ ಗಡಿಯನ್ನು ಹನ್ನೆರಡನೆಯ ಶತಮಾನದ ಮೇಲೆ ಎಳೆಯುವಾಗ ಅಳಿಸಿಹೋಗುವುದು ಈ ಬಹುಭಾಷಿಕ ಲೋಕವೇ.

ಜೀವನಕಥನದ ಇನ್ನೊಂದು ಚಪಲ ದಂತಕಥೆ. ಲೀಲಾವತಿ ಭಾಸ್ಕರರ ಮಗಳು, ಜಲಘಟಿಕೆಗೆ ಮುತ್ತೊಂದು ಬಿದ್ದು ಮುಹೂರ್ತ ತಪ್ಪಿತು, ಅವಳ ಸಾಂತ್ವನಕ್ಕೆಂದು ಗ್ರಂಥ ಹುಟ್ಟಿತು ಎಂಬ ಕತೆಯನ್ನು ಮಕ್ಕಳ ಪುಸ್ತಕಗಳೆಲ್ಲ ನಿಜವೆಂಬಂತೆ ಹೇಳುತ್ತವೆ. ಅದರ ಪ್ರಸಿದ್ಧ ಮೂಲ ಅಕ್ಬರನ ಆಸ್ಥಾನಕವಿ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮುನ್ನುಡಿ; ಮೂಲಗ್ರಂಥಕ್ಕೂ ಅದಕ್ಕೂ ನಾಲ್ಕು ಶತಮಾನಗಳಿಗೂ ಮಿಕ್ಕ ಅಂತರವಿದೆ. ಗ್ರಂಥದೊಳಗೆ ‘ಬಾಲೆ’ ಎಂಬ ಸಂಬೋಧನೆ ಇರುವಂತೆ ‘ಸಖ’, ‘ಮಿತ್ರ’ ಎಂಬ ಸಂಬೋಧನೆಗಳೂ ಇವೆ. ವರ್ತಕನನ್ನು ಕರೆದು ಕೇಳುವ ಲೆಕ್ಕಗಳೂ ಇವೆ. ಒಬ್ಬಳೇ ಮಗಳಿಗೆಂದು ಬರೆದ ಗ್ರಂಥದ ಲಕ್ಷಣ ಇದಲ್ಲ. ಬಗೆಬಗೆಯ ಕಲಿಯುವವರನ್ನು ಎದುರಿಗೆ ಕೂರಿಸಿಕೊಂಡ ಅಧ್ಯಾಪಕನ ದನಿ ಇದು. ದುಂಬಿಗಳ ಹಿಂಡಿನ ಐದನೆಯ ಒಂದು ಪಾಲು ಒಂದು ಹೂವಿಗೆ, ಮೂರನೆಯ ಒಂದು ಪಾಲು ಇನ್ನೊಂದಕ್ಕೆ, ಈ ಎರಡರ ಅಂತರದ ಮೂರು ಪಟ್ಟು ಮತ್ತೊಂದಕ್ಕೆ ಹಾರಿ, ಒಂದೇ ದುಂಬಿ ಎರಡು ಪರಿಮಳಗಳ ನಡುವೆ ಉಳಿಯುವ ಲೆಕ್ಕವನ್ನು ನೋಡಬಹುದು. ಉತ್ತರ ಹದಿನೈದು. ಭಿನ್ನರಾಶಿಯ ಪಾಠಕ್ಕೆ ವಿರಹಕಾವ್ಯದ ದುಂಬಿಯನ್ನು ಕರೆತಂದ ಈ ಜಾಣ್ಮೆ ವಿಮರ್ಶೆಯ ವಸ್ತು. ದಂತಕಥೆಯ ವಿಧವೆ ಅದನ್ನು ಮರೆಮಾಡುತ್ತಾಳೆ.

ಮಹಾವೀರಾಚಾರ್ಯರ ವಿಷಯದಲ್ಲಿ ಚರಿತ್ರಕಾರನಿಗೆ ಇಷ್ಟು ಸಾಮಗ್ರಿಯೂ ಇಲ್ಲ. ಒಂಬತ್ತನೆಯ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿ ಅಮೋಘವರ್ಷ ನೃಪತುಂಗನ ಸ್ತುತಿಯಿದೆ, ಕವಿಯ ಊರಿಲ್ಲ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ಗುರುತಿಸಿದ ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಅರಸನ ಆಶ್ರಯದಲ್ಲಿ. ಹೀಗಾಗಿ ಮಹಾವೀರರನ್ನು ‘ಕನ್ನಡದ ಗಣಿತಜ್ಞ’ ಎಂದು ಕರೆಯುವುದು ರೂಢಿಯಾಗಿದೆ. ಅವರು ಬರೆದದ್ದು ಸಂಸ್ಕೃತದಲ್ಲಿ. ಋಣಸಂಖ್ಯೆ ಸ್ವಭಾವತಃ ವರ್ಗವಾಗಲಾರದು, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಖಚಿತವಾಗಿ ಹೇಳಿದರು. ಹಲವು ವಸ್ತುಗಳಿಂದ ಕೆಲವನ್ನು ಆಯುವ ಬಗೆಗಳನ್ನು ಎಣಿಸುವುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟರು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೂ ಬರೆದರು. ಅದು ತಪ್ಪು. ಅಭಿಮಾನದ ಜೀವನಚಿತ್ರಗಳು ಮೊದಲಿನವೆರಡನ್ನು ಹೇಳಿ ಮೂರನೆಯದನ್ನು ಬಿಡುತ್ತವೆ. ಮೂರನ್ನೂ ಹೇಳಿದಾಗ ಮಾತ್ರ ಒಬ್ಬ ಮನುಷ್ಯ ಯೋಚಿಸುತ್ತಿರುವುದು ನಮಗೆ ಕಾಣುತ್ತದೆ.

ಆ ಗ್ರಂಥ ಮುಂದೆ ನಡೆದ ದಾರಿ ಅದರ ಕರ್ತೃವಿನ ಹುಟ್ಟೂರಿಗಿಂತ ಹೆಚ್ಚನ್ನು ಹೇಳುತ್ತದೆ. ಹನ್ನೊಂದನೆಯ ಶತಮಾನದವನೆಂದು ಸಾಮಾನ್ಯವಾಗಿ ಎಣಿಸಲಾಗುವ ಪಾವುಲೂರಿ ಮಲ್ಲನನು ಅದನ್ನು ತೆಲುಗಿನ ಪದ್ಯಗಳಿಗೆ ತಂದನು. ಮೂಲದ ಜಿನಸ್ತುತಿಯ ಸ್ಥಾನಕ್ಕೆ ಶಿವಸ್ತುತಿ ಬಂತು. ಲೆಕ್ಕ ಉಳಿಯಿತು, ಲೆಕ್ಕದ ಲೋಕ ಬದಲಾಯಿತು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದನು. ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’, ‘ಲೀಲಾವತಿ’ ಎಂಬ ಕೃತಿಗಳೂ ಅವನ ಹೆಸರಿನಲ್ಲಿವೆ. ಅವನ ಊರು ಪೂವಿನಬಾಗೆ ಎಲ್ಲಿಯದು ಎಂಬುದರ ಬಗೆಗೂ ಚರ್ಚೆ ನಡೆದಿದೆ. ನನಗೆ ಮುಖ್ಯವೆನಿಸುವುದು ಅವನ ಬರಹದ ಕ್ರಮ. ಸೂತ್ರ ಪದ್ಯದಲ್ಲಿದೆ, ವಿವರಣೆ ಗದ್ಯದಲ್ಲಿದೆ, ಉದಾಹರಣೆಗಳು ಅಳತೆ, ತೂಕ, ಬೆಲೆ, ಬಡ್ಡಿಗಳ ಲೋಕದಿಂದ ಬಂದಿವೆ. ಹೊಸ ಪ್ರಮೇಯಗಳನ್ನು ಅವನಲ್ಲಿ ಹುಡುಕಿದವರು ನಿರಾಶರಾಗಿ ಅವನನ್ನು ಸಂಗ್ರಹಕಾರನೆಂದು ಬದಿಗಿಟ್ಟಿದ್ದಾರೆ. ಆ ನಿರ್ಣಯವನ್ನು ನಾನು ಒಪ್ಪಲಾರೆ. ಸಂಸ್ಕೃತದಲ್ಲಿ ಮಾತ್ರ ನಡೆಯಬಹುದಾಗಿದ್ದ ಒಂದು ಯೋಚನಾಕ್ರಮ ಕನ್ನಡದ ವಾಕ್ಯದಲ್ಲಿ ನಡೆಯಬಲ್ಲದೆಂದು ತೋರಿಸುವುದು ಪ್ರಮೇಯಕ್ಕಿಂತ ಕಿರಿದಾದ ಸಾಧನೆಯಲ್ಲ.

‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದ್ದು ಮದರಾಸಿನಲ್ಲಿ, ‘ವ್ಯವಹಾರಗಣಿತ’ ಎಂ. ಮರಿಯಪ್ಪ ಭಟ್ಟರ ಸಂಪಾದನೆಯಲ್ಲಿ 1955ರಲ್ಲಿ ಬೆಳಕು ಕಂಡದ್ದೂ ಅಲ್ಲಿಯೇ. ಕನ್ನಡ ಲಿಪಿಯ ಓಲೆಪ್ರತಿಗಳನ್ನು ಓದಬಲ್ಲವರು ಇಂದಿನ ಕರ್ನಾಟಕದ ಹೊರಗೂ ಇದ್ದರೆಂಬುದೇ ಈ ಕೃತಿಗಳು ನಮ್ಮ ಕೈಗೆ ಬರಲು ಒಂದು ಕಾರಣ.

ಹುಟ್ಟೂರಿನ ತರ್ಕ ಆಧುನಿಕ ಕಾಲದಲ್ಲಿಯೂ ನಿಲ್ಲಲಿಲ್ಲ. ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಪೂರ್ವಿಕರ ಊರು ಮೋಕ್ಷಗುಂಡಂ ಇಂದು ಆಂಧ್ರಪ್ರದೇಶದಲ್ಲಿದೆ. ಎರಡೂ ರಾಜ್ಯಗಳು ಅವರನ್ನು ತಮ್ಮವರೆನ್ನುತ್ತವೆ. ಅವರು 1951ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಆತ್ಮವೃತ್ತಾಂತವಾದರೋ ಶೀರ್ಷಿಕೆಯಲ್ಲಿಯೇ ದುಡಿಮೆಯ ಬದುಕಿನ ನೆನಪುಗಳೆಂದು ಮೇರೆ ಹಾಕಿಕೊಂಡಿದೆ. ಖಡಕವಾಸಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು, ದಖನ್ ಕಾಲುವೆಗಳ ಬ್ಲಾಕ್ ಪದ್ಧತಿ, 1908ರ ಮಹಾಪೂರದ ಬಳಿಕ ಹೈದರಾಬಾದಿಗೆ ರೂಪಿಸಿದ ಯೋಜನೆ: ಅವರು ತಮ್ಮನ್ನು ಗುರುತಿಸಿಕೊಂಡದ್ದು ಇಂಥವುಗಳ ಮೂಲಕ. ಆ ಶುಷ್ಕತೆಯನ್ನು ಸಾಹಿತ್ಯಕ ದೋಷವೆಂದು ಹೇಳಬಹುದು. 1918ರಲ್ಲಿ ದಿವಾನಗಿರಿಯಿಂದ ಹೊರಬಂದ ಪ್ರಸಂಗ, ಅದರ ಹಿಂದಿದ್ದ ಹಿಂದುಳಿದ ವರ್ಗಗಳ ಪ್ರಾತಿನಿಧ್ಯದ ವಿವಾದ ಇವುಗಳನ್ನು ತೂಗುವ ಕೆಲಸವನ್ನು ಅದು ನಂತರದ ಚರಿತ್ರಕಾರರಿಗೆ ಉಳಿಸಿತು. ಅವರಲ್ಲಿ ಬಹುತೇಕರು ಗುಣಗಾನದಲ್ಲಿ ಅದನ್ನು ತೇಲಿಸಿಬಿಟ್ಟರು. ಆದರೂ ಕೆಲಸವನ್ನು ಬದುಕಿನ ಕೇಂದ್ರದಲ್ಲಿಟ್ಟ ಆ ಕ್ರಮದಿಂದ ನಮ್ಮ ಪ್ರಕಾರ ಕಲಿಯುವುದು ಬಹಳವಿದೆ.

ಕಾಸರಗೋಡಿನಲ್ಲಿ ಕೇರಳದ, ಅಕ್ಕಲಕೋಟೆ ಮತ್ತು ಜತ್ತದಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಇಟ್ಟುಕೊಂಡು ಮಕ್ಕಳು ಇಂದಿಗೂ ಕನ್ನಡದಲ್ಲಿ ಗಣಿತ ಕಲಿಯುತ್ತಾರೆ. ಆ ಪುಸ್ತಕಗಳು ಬೇರೊಂದು ಭಾಷೆಯ ಮೂಲವನ್ನು ಅನುಸರಿಸುವುದರಿಂದ ಅವುಗಳ ಕನ್ನಡ ಒಮ್ಮೊಮ್ಮೆ ತಡವರಿಸುತ್ತದೆ. ಭಾಸ್ಕರರು ವಿಜಯಪುರದವರೆಂದು ತಿಳಿದ ಮಾತ್ರಕ್ಕೆ ಅಲ್ಲಿಯ ಮಗುವಿಗೆ ಭಿನ್ನರಾಶಿ ಸುಲಭವಾಗುವುದಿಲ್ಲ. ಲೆಕ್ಕವೊಂದನ್ನು ಇನ್ನೊಂದು ನುಡಿಗೆ ದಾಟಿಸುವಾಗ ಅದರ ಹೂವು, ಹಣ್ಣು, ದೇವರು, ನಾಣ್ಯಗಳನ್ನೂ ಬದಲಿಸಬೇಕೆಂಬುದನ್ನು ಮಲ್ಲನ ಒಂಬತ್ತು ಶತಮಾನಗಳ ಹಿಂದೆಯೇ ಅರಿತಿದ್ದನು. ಲೆಕ್ಕದ ವಿವರಣೆ ಆಡುವವರ ವ್ಯವಹಾರಕ್ಕೆ ಹತ್ತಿರವಿರಬೇಕೆಂಬುದನ್ನು ರಾಜಾದಿತ್ಯ ಅರಿತಿದ್ದನು. ಗಡಿನಾಡಿನ ಗಣಿತ ಪಠ್ಯಗಳನ್ನು ಅನುವಾದಿಸುವವರು ಈ ಇಬ್ಬರನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು. ಆ ಓದನ್ನು ಸಾಧ್ಯವಾಗಿಸುವಂಥ ಜೀವನಚಿತ್ರ ಕನ್ನಡದಲ್ಲಿ ಇನ್ನೂ ಬರೆಯಲ್ಪಡಬೇಕಾಗಿದೆ.