ಮೊದಲು ನೆಲ, ಆಮೇಲೆ ಪರದೆ

ಹೋದ ವಾರ ಹೇಳಿದಂತೆ ಇವತ್ತು ಕಿಟಕಿಯ ಪರದೆಗಳ ಬಗ್ಗೆ ಬರೆಯಬೇಕಿತ್ತು. ಹತ್ತಿ ಬಟ್ಟೆ, ಬಿದಿರು, ರೋಲರ್ ಬ್ಲೈಂಡ್ ಎಂದು ಟಿಪ್ಪಣಿಯೂ ಸಿದ್ಧವಾಗಿತ್ತು. ಅಷ್ಟರಲ್ಲಿ ಮಂಗಳವಾರ ಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗಿಬಂದೆ. ಮನೆ ರಿಪೇರಿ ನಡೆದಿತ್ತು. ನಾನು ಕಾಲಿಡುವ ಹೊತ್ತಿಗೆ ನಡುಮನೆಯ ಕೆಂಪು ಗಾರೆ ನೆಲದ ಅರ್ಧಭಾಗಕ್ಕೆ ಉಳಿಯೇಟು ಬಿದ್ದಾಗಿತ್ತು. ಮೇಲೆ ಕೂರಿಸುವ ಟೈಲ್ ಹಿಡಿದು ನಿಲ್ಲಲಿ ಎಂದು ಹಳೆಯ ನೆಲವನ್ನು ಹೀಗೆ ಉದ್ದಕ್ಕೂ ಕೊಚ್ಚಿ ಒರಟು ಮಾಡುತ್ತಾರೆ. ನಲವತ್ತು ವರ್ಷ ಒರೆಸಿ, ಓಡಾಡಿ, ಮಲಗಿ ಬಂದ ಹೊಳಪು ಒಂದು ಬೆಳಗಿನಲ್ಲಿ ಹೋಯಿತು. "ಏನು ಮಾಡೋದಪ್ಪ, ಹಳೇದಾಯ್ತು ಅಂತ ಹುಡುಗರು ಹಟ ಮಾಡಿದ್ರು" ಎಂದರು ಚಿಕ್ಕಮ್ಮ. ಹಾಗಾಗಿ ಈ ವಾರ ನೆಲದ ಮಾತು.

ನಮ್ಮ ಮನೆಗೆ ನೆಲ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕೆಳಗಿನ ಗಾರೆ ಇನ್ನೂ ಹಸಿಯಾಗಿರುವಾಗಲೇ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ತೆಳುವಾಗಿ ಹರಡಬೇಕು. ಆ ಪುಡಿ ಕಬ್ಬಿಣದ ಆಕ್ಸೈಡ್. ನಮ್ಮ ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಅದೇ, ಬಿಸಿಲಿಗೆ ಮಾಸುವುದಿಲ್ಲ. ಆಮೇಲೆ ಉಕ್ಕಿನ ಕರಣೆಯಿಂದ ಒತ್ತಿ ಒತ್ತಿ ಉಜ್ಜುವುದು. ಮೇಸ್ತ್ರಿ ಒಳಗೋಡೆಯಿಂದ ಶುರುಮಾಡಿ, ಕುಕ್ಕರಗಾಲಲ್ಲೇ ಹಿಂದಕ್ಕೆ ಸರಿಯುತ್ತಾ ಬಾಗಿಲಿಗೆ ಬಂದು ಮುಗಿಸಿದರು. ಒಂದು ಕೋಣೆಯನ್ನು ಒಂದೇ ದಿನದಲ್ಲಿ, ನಡುವೆ ನಿಲ್ಲಿಸದೆ ಮುಗಿಸಬೇಕು. ನಿಲ್ಲಿಸಿದ ಕಡೆ ಗೆರೆ ಬೀಳುತ್ತದೆ. ಮರುದಿನ ಹೊಸ್ತಿಲಿಗೆ ಮಣ್ಣಿನ ಕಟ್ಟೆ ಕಟ್ಟಿ ವಾರಕ್ಕೂ ಹೆಚ್ಚು ನೀರು ನಿಲ್ಲಿಸಿದರು. ಆ ನೀರೇ ನೆಲದ ಆಯುಷ್ಯ. ಕೆಂಪು ನೆಲ ಬಿರುಕು ಬಿಡುತ್ತದೆ ಎಂದು ದೂರುವವರ ಮನೆಗಳಲ್ಲಿ ನಾನು ವಿಚಾರಿಸಿದ್ದೇನೆ. ಬಹುಪಾಲು ಕಡೆ ಎರಡೇ ದಿನಕ್ಕೆ ನೀರು ಬಿಟ್ಟು ಓಡಾಡಿದ್ದರು, ಇಲ್ಲವೇ ದೊಡ್ಡ ಹಜಾರಕ್ಕೆ ನಡುವೆ ಗಾಜಿನ ಪಟ್ಟಿ ಕೊಟ್ಟಿರಲಿಲ್ಲ.

ಈ ನೆಲಕ್ಕೆ ದೋಷಗಳಿವೆ. ತೇಪೆ ಹಾಕಿದರೆ ಬಣ್ಣ ಕೂಡಿಬರುವುದಿಲ್ಲ. ನಿಂಬೆ, ಹುಣಸೆಹುಳಿ ಬಿದ್ದರೆ ಕಲೆಯಾಗುತ್ತದೆ, ಆಸಿಡ್ ಹಾಕಿ ತೊಳೆದರೆ ಕೆಟ್ಟೇಹೋಗುತ್ತದೆ. ಬಚ್ಚಲಿಗೆ, ಅಡುಗೆಮನೆಗೆ ಟೈಲ್ ಹಾಕಿಸಿಕೊಳ್ಳಿ, ಹೊಳಪಿಲ್ಲದ, ಕಾಲು ಜಾರದಂಥದ್ದು. ನನ್ನ ಜಗಳವಿರುವುದು ನಡುಮನೆಗೆ ಬಂದು ಕೂತಿರುವ, ಕನ್ನಡಿಯಂತೆ ಹೊಳೆಯುವ ಬಿಳಿ ವಿಟ್ರಿಫೈಡ್ ಟೈಲಿನ ಜೊತೆ. ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುವ ಇದು ಗಟ್ಟಿ, ನೀರು ಹೀರುವುದು ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ಅಷ್ಟನ್ನು ಒಪ್ಪುತ್ತೇನೆ. ಆದರೆ ಕಿಟಕಿಯಿಂದ ಬಂದ ಬೆಳಕನ್ನೆಲ್ಲ ಅದು ಕಣ್ಣಿಗೇ ಎಸೆಯುತ್ತದೆ. ಕಣ್ಣು ಕೋರೈಸುತ್ತದೆಂದು ಮನೆಯವರು ದಪ್ಪ ಪರದೆ ತರುತ್ತಾರೆ. ಪರದೆ ಎಳೆದದ್ದಕ್ಕೆ ಹಗಲಲ್ಲೇ ಕತ್ತಲಾಗಿ ಫಾಲ್ಸ್ ಸೀಲಿಂಗಿನ ದೀಪ ಹಚ್ಚುತ್ತಾರೆ. ಆ ದೀಪದಲ್ಲಿ, ಅಂಗಡಿಯ ಕಾರ್ಡ್ ನೋಡಿ ಆರಿಸಿದ ಬಣ್ಣ ಬೇರೆಯೇ ಕಾಣುತ್ತದೆ. ಮೂರು ಖರ್ಚಿಗೂ ಮೂಲ ಒಂದೇ ನೆಲ.

ಪರದೆಯ ಬಗ್ಗೆ ಕಾದಿದ್ದವರಿಗೆ ಒಂದು ಮಾತು. ಬೆಂಗಳೂರು, ಮೈಸೂರುಗಳು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂಬ ನಂಬಿಕೆ ಪುಸ್ತಕದ್ದು, ನಮ್ಮ ಊರಿನದಲ್ಲ. ಇನ್ನು ಪಡುವಣದ ಕಿಟಕಿಗೆ ಗಾಜಿನ ಒಳಗೆ ಎಂಥ ಬಟ್ಟೆ ಕಟ್ಟಿದರೂ ಕಾವು ಆಗಲೇ ಕೋಣೆಗೆ ಬಂದಾಗಿರುತ್ತದೆ. ಹೊರಗೆ ಬಿದಿರಿನ ಪರದೆಯನ್ನೋ ಲಾವಂಚದ ತಟ್ಟಿಯನ್ನೋ ಇಳಿಬಿಡಿ. ತಟ್ಟಿಗೆ ನೀರು ಚಿಮುಕಿಸಿದರೆ ಗಾಳಿ ತಂಪಾಗಿ, ಘಮ್ಮೆಂದು ಒಳಗೆ ಬರುತ್ತದೆ.

ಬಣ್ಣದ ಮಾತು ಬಂದಾಗಲೆಲ್ಲ ನಾನು ತೆಗೆದು ಓದುವುದು ಜಪಾನಿನ ಜುನಿಚಿರೊ ತಾನಿಜಾಕಿ 1933ರಲ್ಲಿ ಬರೆದ, 'ಇನ್ ಪ್ರೇಸ್ ಆಫ್ ಶ್ಯಾಡೋಸ್' ಎಂದು ಇಂಗ್ಲಿಷಿಗೆ ಹೋದ ಪ್ರಬಂಧವನ್ನು. ಹಳೆಯ ಬಗೆಯ ಮನೆಯಲ್ಲಿ ವಿದ್ಯುತ್ ತಂತಿಯನ್ನು ಎಲ್ಲಿ ಬಚ್ಚಿಡುವುದು ಎಂಬ ತಲೆನೋವಿನಿಂದ ಅದು ಶುರುವಾಗುತ್ತದೆ. ಮುಂದೆ ಗೋಡೆಗಳಿಗೆ ಬರುತ್ತದೆ. ಕೂರುವ ಕೋಣೆಯ ಗೋಡೆಗೆ ನುಣ್ಣನೆಯ ಮರಳು ಬೆರೆತ ಮಣ್ಣು. ಹೊಳಪು ಬೇಕಾದರೆ ಅಡುಗೆಮನೆಗೆ, ಓಡಾಡುವ ದಾರಿಗೆ ಇರಲಿ. ಒಂದು ಕೋಣೆಗೂ ಇನ್ನೊಂದಕ್ಕೂ ಗೋಡೆಯ ಬಣ್ಣದಲ್ಲಿ ಇರುವ ವ್ಯತ್ಯಾಸ ಕಂಡೂ ಕಾಣದಷ್ಟು. ಒಳಗೆ ಬಂದ ಕೊನೆಯ ಬೆಳಕು ಹೋಗಿ ತಂಗಲು ಅಂಥ ಗೋಡೆಯೇ ಆಗಬೇಕು ಎಂಬುದು ಅವರ ವಾದ. ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಗಾಢ ಬಣ್ಣ ಬಳಿದು, ಉಳಿದ ಮೂರಕ್ಕೆ ಬೂದು ಹೊಡೆಯುವ ಈಗಿನ ಪಂಥಕ್ಕೆ ನಾನು ಕೊಡುವ ಉತ್ತರ ಆ ಕೆಲವು ಪುಟಗಳು.

ನಮ್ಮ ಹಿರಿಯರೂ ಇದನ್ನು ತಮ್ಮ ರೀತಿಯಲ್ಲಿ ಬಲ್ಲವರಾಗಿದ್ದರು. ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಚಿಟಿಕೆ ನೀಲಿ ಬೆರೆಸುತ್ತಿದ್ದರು. ಸಂಜೆ ನಾಲ್ಕರ ಬಿಸಿಲು ಕೆಂಪು ನೆಲಕ್ಕೆ ಬಿದ್ದು ಗೋಡೆಗೆ ಹಾರಿದಾಗ ಆ ನೀಲಿಬಿಳುಪು ಎಳೆಯ ದಾಳಿಂಬೆ ಕಾಳಿನ ಬಣ್ಣಕ್ಕೆ ತಿರುಗುತ್ತಿತ್ತು. ಚಿಕ್ಕಮ್ಮನ ನಡುಮನೆಯಲ್ಲಿ ಆ ಬಣ್ಣ ನೋಡುತ್ತಾ ನಾನು ಎಷ್ಟೋ ಬೇಸಿಗೆ ರಜೆ ಕಳೆದಿದ್ದೇನೆ. ಯಾವ ಡಬ್ಬಿಯಲ್ಲೂ ಅದು ಸಿಗುವುದಿಲ್ಲ. ನೆಲ ಕೊಟ್ಟ ಬಣ್ಣ ಅದು, ನೆಲದ ಜೊತೆಗೇ ಹೋಗುತ್ತದೆ. ಆದ್ದರಿಂದ ನೆಲ ಗೊತ್ತಾಗುವವರೆಗೆ ಬಣ್ಣ ಆರಿಸಬೇಡಿ. ಗೊತ್ತಾದ ಮೇಲೆ ಎದುರುಬದುರಿನ ಎರಡು ಗೋಡೆಗೆ ಮೂರಡಿ ಅಗಲ ಬಳಿದು, ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ, ಹೀಗೆ ಮೂರು ಹೊತ್ತು ನೋಡಿ.

ಚಿಕ್ಕಮ್ಮನ ಮನೆಯಲ್ಲಿ ದೇವರಕೋಣೆಗೆ ಇನ್ನೂ ಉಳಿ ಮುಟ್ಟಿರಲಿಲ್ಲ. ಅದನ್ನು ಬಿಡಿಸಿ ಎಂದು ಕೇಳಿಕೊಂಡೆ, ಒಪ್ಪಿದ್ದಾರೆ. ನಿಮ್ಮ ಮನೆಯಲ್ಲೂ ಕೆಂಪು ನೆಲವಿದ್ದು, ಒಡೆಸುವ ಮಾತು ನಡೆದಿದ್ದರೆ, ಮೇಸ್ತ್ರಿಗೆ ಒಂದು ದಿನ ತಡೆಯಲು ಹೇಳಿ. ಒಂದು ಮೂಲೆಯನ್ನು ಬರೀ ನೀರಲ್ಲಿ ತೊಳೆದು, ಒಣಗಿಸಿ, ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ, ಸಂಜೆ ನಾಲ್ಕಕ್ಕೆ ಅಲ್ಲಿ ಹೋಗಿ ಕೂತು ನೋಡಿ.