ತೆರೆಯ ಎರಡು ಅರ್ಥಗಳು

ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿಯನ್ನು ಸೇರುವ ನೊಯ್ಯಲ್ ನದಿಯ ಸೀಮೆಯಲ್ಲಿ ಬಣ್ಣದ ಕೊಳಚೆ ತಂದ ಅವನತಿಯನ್ನು ಕಾದಂಬರಿಯ ವಸ್ತುವಾಗಿಸಿದ ಕೃತಿ ಸುಬ್ರಭಾರತಿಮಣಿಯನ್ ಅವರ ‘ಸಾಯತ್ತಿರೈ’ (1998). ತಮಿಳಿನಲ್ಲಿ ‘ಸಾಯಂ’ ಎಂದರೆ ಬಟ್ಟೆಗೆ ಹಾಕುವ ಬಣ್ಣ. ‘ತಿರೈ’ ಪರದೆಯೂ ಹೌದು, ಅಲೆಯೂ ಹೌದು. ‘ದಿ ಕಲರ್ಡ್ ಕರ್ಟನ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಪರದೆ ಉಳಿದು ಅಲೆ ಇಲ್ಲವಾಗಿದೆ. ಕನ್ನಡದ ‘ತೆರೆ’ಯಲ್ಲಾದರೋ ಎರಡೂ ಅರ್ಥಗಳು ಉಳಿದಿವೆ. ಈ ಶ್ಲೇಷೆ ಬರಿಯ ಅಲಂಕಾರವಲ್ಲ: ನದಿಯಲ್ಲಿ ಬಣ್ಣದ ಅಲೆ, ಅದನ್ನು ಕೊಳ್ಳುವವರ ಕಣ್ಣಿನಿಂದ ಮರೆಮಾಡುವ ಪರದೆ ಅದೇ ಬಣ್ಣದಲ್ಲಿ ಅದ್ದಿದ ರಫ್ತಿನ ಉಡುಪು.

1992ರಲ್ಲಿ ನೀರಾವರಿಗೆಂದು ಪೂರ್ಣಗೊಂಡ ಒರತ್ತುಪಾಳೆಯಂ ಅಣೆಕಟ್ಟು ಈ ಕೊಳಚೆಯ ಮಡುವಾಯಿತು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಬಣ್ಣದ ಘಟಕಗಳನ್ನು ಮುಚ್ಚಿಸಿದಾಗ ಸಾವಿರಾರು ಕಾರ್ಮಿಕರ ಕೆಲಸವೂ ಹೋಯಿತು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಈ ಪ್ರದೇಶದ ದೇವಾಂಗ ನೇಕಾರರಿಗೂ ಬಣ್ಣವೆಂದರೆ ಅನ್ನದ ಮಾತು. ಆದ್ದರಿಂದ ಇಲ್ಲಿಯ ನದಿಸಾಹಿತ್ಯದ ವಿಮರ್ಶೆ ದಡದಲ್ಲಿ ನಿಂತು ಮರುಗಿದರೆ ಸಾಲದು. ಅಲೆಯನ್ನೂ ಪರದೆಯನ್ನೂ, ನೀರನ್ನೂ ಕೂಲಿಯನ್ನೂ ಅದು ಒಟ್ಟಿಗೇ ಓದಬೇಕು.