ಎಲ್ಲಮ್ಮನ ಹೆಸರಿನಲ್ಲಿ ಕಟ್ಟಿದ ಮುತ್ತು

ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡವೆಲ್ಲ ಹಳದಿ. ಚಕ್ಕಡಿ ಎತ್ತಿನ ಕೊಂಬಿನಿಂದ ಹಿಡಿದು ಕಂಕುಳ ಕೂಸಿನ ಹಣೆಯ ತನಕ ಅರಿಸಿನದ ಭಂಡಾರ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಸೀಮೆಯ ಜನ ಜೋಗುಳಬಾವಿಯಲ್ಲಿ ಮಿಂದು, ನೈವೇದ್ಯದ ಪಡಲಗಿ ತುಂಬಿಸಿ, ‘ಉಧೋ ಉಧೋ’ ಎನ್ನುತ್ತ ಗುಡ್ಡ ಏರುತ್ತಾರೆ. ಆ ಭಕ್ತಿಯನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನಿಲ್ಲ. ನನ್ನ ತಕರಾರು ಆ ಭಕ್ತಿಯ ಮರೆಯಲ್ಲಿ ಬೆಳೆದ ಮುತ್ತು ಕಟ್ಟುವ ಪದ್ಧತಿಯ ಮೇಲೆ.

ಮುತ್ತು ಕಟ್ಟಿಸಿಕೊಂಡವಳು ಸರಕಾರಿ ಕಡತದಲ್ಲಿ ‘ದೇವದಾಸಿ’. ಮನೆಯವರ ಬಾಯಲ್ಲಿ ‘ದೇವರಿಗೆ ಬಿಟ್ಟೇವಿ’. ಕೆಂಪು ಬಿಳಿ ಮಣಿಯ ಸರ ಕೊರಳಿಗೆ ಬಿದ್ದರೆ ಹುಡುಗಿಗೆ ಮದುವೆಯಿಲ್ಲ. ಮೈನೆರೆದ ಮೇಲೆ ಊರಿನ ಉಳ್ಳವನೊಬ್ಬ ಬರುತ್ತಾನೆ, ಬೇಡಾದಾಗ ಬಿಡುತ್ತಾನೆ. ಮಣಿ ಬೀಳುವ ಕೊರಳು ಮಾತ್ರ ಬಹುಪಾಲು ದಲಿತ ಕೇರಿಯದು.

ಇದು ಶುರುವಾಗುವ ಬಗೆ ನೋಡಿ. ಎಣ್ಣೆ ಕಾಣದ, ಹೇನು ಬಿದ್ದ ಕೂದಲು ಗಂಟುಗಟ್ಟುತ್ತದೆ. ‘ಜಡಿ ಬಂತು, ಅವ್ವ ಕರದಾಳ’ ಎಂದು ಯಾರೋ ಹೇಳುತ್ತಾರೆ. ಅಲ್ಲಿಂದ ಬಾಚಣಿಗೆ ಮುಟ್ಟುವಂತಿಲ್ಲ, ಕತ್ತರಿಯಂತೂ ದೂರದ ಮಾತು. ಭಂಡಾರ ಬಳಿದೂ ಬಳಿದೂ ಕೂದಲು ಹಗ್ಗವಾಗುತ್ತದೆ, ಭಾರಕ್ಕೆ ಕುತ್ತಿಗೆ ನೋಯುತ್ತದೆ. ಒಂದು ಬಾಟಲಿ ಎಣ್ಣೆ, ಒಂದಿಷ್ಟು ಸೀಗೆಪುಡಿಯಲ್ಲಿ ಮುಗಿಯಬೇಕಾದದ್ದು ಒಂದು ಬದುಕನ್ನೇ ಕಟ್ಟಿಹಾಕುತ್ತದೆ. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಇನ್ನೊಂದು ಲೆಕ್ಕವೂ ಇರುತ್ತದೆ: ಮುತ್ತು ಕಟ್ಟಿದ ಮಗಳು ಗಂಡನ ಮನೆಗೆ ಹೋಗಳು, ದುಡಿದು ತಂದೆ-ತಾಯಿಯನ್ನು ಸಾಕುತ್ತಾಳೆ. ಊರಲ್ಲಿ ಹೊಟ್ಟೆ ತುಂಬದಾದಾಗ ಈ ಹೆಣ್ಣುಮಕ್ಕಳು ಸಾಂಗ್ಲಿ, ಪುಣೆ, ಮುಂಬೈನ ಕಾಮಾಠಿಪುರದ ಇಕ್ಕಟ್ಟಿನ ಖೋಲಿಗಳಿಗೆ ಸೇರಿದರು. ಹರಕೆಯ ಹೆಸರಲ್ಲಿ ಹಳ್ಳಿಯಲ್ಲಿ ಆದ ಹಿಂಸೆ ಶಹರದ ಬಡ ಗಲ್ಲಿಗಳಲ್ಲಿ ವ್ಯಾಪಾರವಾಯಿತು.

ನನ್ನನ್ನು ಬಹಳ ಕಾಡುವುದು ಎಲ್ಲಮ್ಮನ, ಅಂದರೆ ರೇಣುಕೆಯ, ಕಥೆಯೇ. ನೀರಿಗೆ ಹೋದ ರೇಣುಕೆಯ ಮನಸ್ಸು ಒಂದು ಗಳಿಗೆ ಚಂಚಲವಾಯಿತೆಂದು ಗಂಡ ಜಮದಗ್ನಿ ಸಿಟ್ಟಾದ, ಮಗ ಕೊಡಲಿ ಎತ್ತಿದ. ತಲೆ ಕಡಿಸಿಕೊಂಡ ಆ ಹೆಂಗಸನ್ನೇ ಜನ ಅವ್ವ ಎಂದರು, ಗುಡಿ ಕಟ್ಟಿದರು. ಕಡಿದವನ ಬದಲು ಕಡಿಸಿಕೊಂಡವಳನ್ನು ನಂಬಿದ ಬಡವರ ನ್ಯಾಯ ಅದು. ಹೊಸ್ತಿಲ ಹುಣ್ಣಿಮೆಗೆ, ಅದನ್ನೇ ರಂಡಿ ಹುಣ್ಣಿಮೆ ಎನ್ನುವುದು, ಗಂಡ ಸತ್ತನೆಂದು ದೇವಿಯ ಬಳೆ ಒಡೆಯುತ್ತಾರೆ. ದೇವಿಗೆ ಬಿಟ್ಟ ಜೋಗತಿಯರೂ ಬಳೆ ಒಡೆದುಕೊಳ್ಳುತ್ತಾರೆ. ಎರಡು ತಿಂಗಳು ಕಳೆದು ಭರತ ಹುಣ್ಣಿಮೆಗೆ ಜಮದಗ್ನಿ ಮರಳಿ ಬದುಕಿದನೆಂದು ದೇವಿ ಮುತ್ತೈದೆಯಾಗುತ್ತಾಳೆ. ಜೋಗತಿಯೂ ಹೊಸ ಬಳೆ ಇಡಿಸಿಕೊಂಡು ಗುಡ್ಡ ಇಳಿಯುತ್ತಾಳೆ, ಆದರೆ ಅವಳ ಮನೆಗೆ ಯಾವ ಜಮದಗ್ನಿಯೂ ಬರುವುದಿಲ್ಲ. ಹೆಣ್ಣಿನ ನೋವಿಗೆ ನಿಂತ ಕಥೆಯ ಹೆಸರಿನಲ್ಲೇ ಹೆಣ್ಣನ್ನು ಬಲಿಕೊಟ್ಟದ್ದು ಈ ಪದ್ಧತಿಯ ಮಹಾ ದ್ರೋಹ.

ಕಾನೂನು ಬಂತು. ಮುಂಬೈ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ. ಹಾಗಿದ್ದೂ 2007-08ರ ಸರಕಾರಿ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ ಗುರುತಿಸಿದ ದೇವದಾಸಿಯರು 46,660. 1982ರ ಕಾಯಿದೆ ಮುತ್ತು ಕಟ್ಟಿಸಿದ ತಂದೆ-ತಾಯಿಗೆ ಎರಡರಿಂದ ಐದು ವರ್ಷ ಶಿಕ್ಷೆ ಇಟ್ಟಿತು, ಬೇರೆಯವರಿಗೆ ಗರಿಷ್ಠ ಮೂರು. ಮುತ್ತು ಕಟ್ಟಿಸಿಕೊಂಡವಳನ್ನು ವರ್ಷಗಟ್ಟಲೆ ಇಟ್ಟುಕೊಂಡವನನ್ನು ಆ ಕಾರಣಕ್ಕೆ ಅದು ಕೇಳಲೇ ಇಲ್ಲ. ಜೈಲಿನ ಹೆದರಿಕೆ ಪದ್ಧತಿಯನ್ನು ಗುಡ್ಡದಿಂದ ಮನೆಯೊಳಗೆ, ಕತ್ತಲೊಳಗೆ ಸರಿಸಿತು.

ಹೆಚ್ಚು ಫಲ ಕೊಟ್ಟದ್ದು ಒಳಗಿನವರ ದನಿ. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿ ಘಟಪ್ರಭೆಯ ‘ಮಾಸ್’ ಸಂಸ್ಥೆಯಲ್ಲಿ ತನ್ನಂಥವರನ್ನು ಕೂಡಿಸಿ ಕೇರಿ ಕೇರಿ ತಿರುಗಿದರು. 2018ರಲ್ಲಿ ಪದ್ಮಶ್ರೀ ಬಂತು. ‘ನನಗೂ ಕಟ್ಟಿದ್ರವ್ವ’ ಎನ್ನುವ ಹೆಂಗಸಿನ ಎದುರು ತಾಯಿ ಬಾಯಿ ಬಿಡುತ್ತಾಳೆ. ಅಧಿಕಾರಿಯ ಎದುರು ಬಾಗಿಲು ಹಾಕಿಕೊಳ್ಳುತ್ತಾಳೆ.

ಉಳಿದದ್ದು ಈ ಹೆಣ್ಣುಮಕ್ಕಳಿಗೆ ಹುಟ್ಟಿದ ಮಕ್ಕಳ ಮಾತು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಬಂದಾಗ ಮೇಷ್ಟ್ರು ತಲೆ ಎತ್ತಿ ನೋಡುತ್ತಾರೆ, ತಾಯಿ ಸೆರಗು ಸರಿಮಾಡಿಕೊಳ್ಳುತ್ತಾಳೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಈ ಮಕ್ಕಳಿಗೆ ತಂದೆಯನ್ನು ಗುರುತಿಸುವ, ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಕೊಡಹೊರಟಿತು. ಆ ತಂದೆಯ ಹೆಸರು ಊರಲ್ಲಿ ಎಲ್ಲರಿಗೂ ಗೊತ್ತು.